ಪಿತ್ತವಲ್ಲ, ಸೈನಸ್ಸೂ ಅಲ್ಲ: ಮತ್ತೆ ಮತ್ತೆ ಬರುವ ತಲೆನೋವನ್ನು ಗುರುತು ಹಿಡಿಯುವ ಬಗೆ

ನಮ್ಮ ಮನೆಗಳಲ್ಲಿ ತಲೆನೋವಿನ ಹೆಸರುಗಳಿಗೆ ಬರವಿಲ್ಲ. ವಾಂತಿಯಾಗಿ ನೋವು ಇಳಿದರೆ ಅದು ಪಿತ್ತದ ತಲೆನೋವು. ಮದುವೆ ಮನೆಯ ಬಿಸಿಲಲ್ಲಿ ಓಡಾಡಿ ಬಂದ ಮೇಲೆ ಶುರುವಾದರೆ ಬಿಸಿಲಿನದು. ಹಣೆ, ಕೆನ್ನೆ ಭಾರವಾಗಿ ಮೂಗು ಕಟ್ಟಿದರೆ ಸೈನಸ್. ಕುತ್ತಿಗೆಯಿಂದ ಏರಿ ಬಂದರೆ ಸ್ಪಾಂಡಿಲೈಟಿಸ್. ಊಟ ತಡವಾದ ದಿನ ಬಂದರೆ ಗ್ಯಾಸ್ಟ್ರಿಕ್. ಮುಟ್ಟಿನ ಹಿಂದುಮುಂದು ಬಂದರೆ ‘ಅದು ಹಾಗೇನೇ’ ಎಂದು ಸುಮ್ಮನಾಗುತ್ತೇವೆ. ಈ ಆರೂ ಬಗೆಯ ನೋವು ಒಬ್ಬರಲ್ಲೇ ವರ್ಷಗಟ್ಟಲೆ ಬರುತ್ತಿದ್ದರೆ ಅವು ಆರು ಕಾಯಿಲೆಗಳಲ್ಲ. ಬಹುಪಾಲು ಸಲ ಎಲ್ಲವೂ ಮೈಗ್ರೇನ್ ಎಂಬ ಒಂದೇ ಕಾಯಿಲೆ.

ಇಲ್ಲಿ ನಡೆದಿರುವುದು ಇಷ್ಟೇ: ನೋವನ್ನು ಕೆರಳಿಸಿದ್ದು ಯಾವುದೋ, ನೋವಿನ ಜೊತೆಗೆ ಬಂದದ್ದು ಯಾವುದೋ ಅದರ ಹೆಸರನ್ನೇ ಕಾಯಿಲೆಗೂ ಇಟ್ಟಿದ್ದೇವೆ. ಹೆಸರು ತಪ್ಪಿದರೆ ಔಷಧಿಯೂ ತಪ್ಪುತ್ತದೆ. ಪಿತ್ತವೆಂದು ಆ್ಯಂಟಾಸಿಡ್, ಸೈನಸ್ ಎಂದು ಆ್ಯಂಟಿಬಯಾಟಿಕ್, ಸ್ಪಾಂಡಿಲೈಟಿಸ್ ಎಂದು ಕುತ್ತಿಗೆ ಪಟ್ಟಿ. ನಡುನಡುವೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಕೊನೆಗೆ ಆ ಮಾತ್ರೆಯೇ ಹೊಸ ತಲೆನೋವಾಗಿ ನಿಲ್ಲುತ್ತದೆ. ಅದರ ವಿಷಯ ಮುಂದೆ ಬರುತ್ತದೆ.

ಇದು ಕೆಲವೇ ಜನರ ಕಷ್ಟವಲ್ಲ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ನಗರ ಮತ್ತು ಸುತ್ತಲಿನ ಹಳ್ಳಿಗಳ 2329 ವಯಸ್ಕರನ್ನು ಅವರವರ ಮನೆಗೇ ಹೋಗಿ ವಿಚಾರಿಸಿದ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಶೇ 63.9 ಜನರಿಗೆ ತಲೆನೋವು ಬಂದಿತ್ತು. ಶೇ 25.2 ಜನರದು ಮೈಗ್ರೇನ್, ಶೇ 35.1 ಜನರದು ಟೆನ್ಷನ್ ತಲೆನೋವು. ಹಳ್ಳಿಗಳಲ್ಲಿ ಪ್ರಮಾಣ ನಗರಕ್ಕಿಂತ ಹೆಚ್ಚಿತ್ತು. ಮೈಗ್ರೇನ್ ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

‘ನೋವು ಎಲ್ಲಿದೆ?’ ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಗುರುತು ಹಿಡಿಯಲು ಅದರಿಂದ ಸಿಗುವ ಸಹಾಯ ಕಡಿಮೆ. ‘ಅರೆತಲೆನೋವು’ ಎಂಬ ಹೆಸರೇ ದಾರಿ ತಪ್ಪಿಸಿದೆ. ಮೈಗ್ರೇನ್ ಇರುವ ಅನೇಕರಿಗೆ ಎರಡೂ ಕಡೆ ನೋಯುತ್ತದೆ, ಹಿಂದಲೆಯಲ್ಲೂ ನೋಯುತ್ತದೆ. ‘ನನಗೆ ಪೂರ್ತಿ ತಲೆ ನೋಯುತ್ತೆ, ಹಾಗಾಗಿ ಮೈಗ್ರೇನ್ ಅಲ್ಲ’ ಎನ್ನುವ ಮಾತು ಅದಕ್ಕೇ ನಿಲ್ಲುವುದಿಲ್ಲ.

ಇದಕ್ಕಿಂತ ಹೆಚ್ಚು ಹೇಳುವ ನಾಲ್ಕು ಪ್ರಶ್ನೆಗಳಿವೆ. ಮಾತ್ರೆ ನುಂಗದಿದ್ದರೆ ನೋವು ಎಷ್ಟು ಹೊತ್ತು ಇರುತ್ತದೆ? ನೋವಿದ್ದಾಗ ನೀವು ಏನು ಮಾಡುತ್ತೀರಿ: ಮಲಗುತ್ತೀರೋ, ಕೆಲಸ ಮುಂದುವರಿಸುತ್ತೀರೋ, ಕೂರಲಾರದೆ ಶತಪಥ ಹಾಕುತ್ತೀರೋ? ಜೊತೆಗೆ ಇನ್ನೇನು ಬರುತ್ತದೆ? ತಿಂಗಳಲ್ಲಿ ಎಷ್ಟು ದಿನ ನೋವು, ಎಷ್ಟು ದಿನ ಮಾತ್ರೆ? ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ ಹೆಚ್ಚಿನ ತಲೆನೋವುಗಳನ್ನು ಸ್ಕ್ಯಾನ್ ಇಲ್ಲದೆ ಗುರುತಿಸಬಹುದು. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಸ್ಕ್ಯಾನ್ ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮಾತ್ರ.

ಮೈಗ್ರೇನ್: ಕತ್ತಲೆ ಕೋಣೆಯ ನೋವು

ಔಷಧಿ ಇಲ್ಲದಿದ್ದರೆ 4ರಿಂದ 72 ಗಂಟೆ ಇರುವ ನೋವು ಇದು. ವೈದ್ಯರು ಬಳಸುವ ಅಂತರರಾಷ್ಟ್ರೀಯ ಮಾನದಂಡ ಹೀಗಿದೆ: ಒಂದು ಪಕ್ಕದ ನೋವು, ಟಕ್ ಟಕ್ ಎಂದು ಮಿಡಿಯುವ ನೋವು, ಕೆಲಸ ಕೆಡಿಸುವಷ್ಟು ಅಥವಾ ತಡೆಯಲಾರದಷ್ಟು ತೀವ್ರತೆ, ಮೆಟ್ಟಿಲು ಹತ್ತಿದರೆ ಬಗ್ಗಿದರೆ ಜಾಸ್ತಿಯಾಗುವುದು — ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ಹೊಟ್ಟೆ ತೊಳಸುವುದು ಅಥವಾ ವಾಂತಿ ಇರಬೇಕು, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸದಂತಾಗಬೇಕು. ಇಂಥ ನೋವು ಕನಿಷ್ಠ ಐದು ಸಲ ಬಂದಿರಬೇಕು. ಮನೆಯವರಿಗೆ ಇದು ಕಾಣುವ ರೀತಿ ಇನ್ನೂ ಸರಳ: ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ತಲೆಗೆ ಬಟ್ಟೆ ಬಿಗಿದು ಮಲಗುತ್ತಾರೆ. ಮಿಕ್ಸಿ ಸದ್ದು, ಒಗ್ಗರಣೆಯ ಘಾಟು, ಅಗರಬತ್ತಿ ಯಾವುದೂ ಆಗುವುದಿಲ್ಲ. ನಿದ್ದೆ ಬಂದರೆ, ಅಥವಾ ಒಮ್ಮೆ ವಾಂತಿಯಾದರೆ, ಹಗುರ.

ಈ ವಾಂತಿಯಿಂದಲೇ ‘ಪಿತ್ತ’ ಎಂಬ ಹೆಸರು ಬಂತು. ಮೈಗ್ರೇನ್ ಬಂದಾಗ ಮಿದುಳುಕಾಂಡದ ವಾಂತಿ ಕೇಂದ್ರ ಕೆರಳುತ್ತದೆ, ಹೊಟ್ಟೆಯ ಚಲನೆ ನಿಧಾನವಾಗುತ್ತದೆ. ಬೆಳಗ್ಗೆ ತಿಂದದ್ದು ಮಧ್ಯಾಹ್ನವೂ ಹೊಟ್ಟೆಯಲ್ಲೇ ಉಳಿದು ಹುಳಿಯಾಗಿ ಹೊರಬರುತ್ತದೆ. ಖಾಲಿ ಹೊಟ್ಟೆಯಾದರೆ ಹಳದಿ ನೀರು ಬರುತ್ತದೆ. ಅದನ್ನು ನೋಡಿದವರಿಗೆ ಕಾರಣ ಹೊಟ್ಟೆಯದ್ದೇ ಅನ್ನಿಸುವುದು ಸಹಜ. ಆದರೆ ನೋವು ಹೊಟ್ಟೆಯಿಂದ ತಲೆಗೆ ಏರಿಲ್ಲ, ತಲೆಯಿಂದ ಹೊಟ್ಟೆಗೆ ಇಳಿದಿದೆ.

ಮುಖ, ಕಣ್ಣು ಮತ್ತು ಮಿದುಳಿನ ಹೊದಿಕೆಯ ಸಂವೇದನೆಯನ್ನು ಒಯ್ಯುವುದು ಟ್ರೈಜೆಮಿನಲ್ ನರ. ಮೈಗ್ರೇನ್‌ನಲ್ಲಿ ಈ ನರದ ತುದಿಗಳಿಂದ ಸಿಜಿಆರ್‌ಪಿ ಎಂಬ ರಾಸಾಯನಿಕ ಬಿಡುಗಡೆಯಾಗಿ, ಹೊದಿಕೆಯ ರಕ್ತನಾಳಗಳು ಹಿಗ್ಗಿ, ನೋವಿನ ಸಂಕೇತ ಎದ್ದು ನಿಲ್ಲುತ್ತದೆ. ಇದೇ ನರದ ಕೇಂದ್ರದಲ್ಲಿ ಕುತ್ತಿಗೆಯ ಮೇಲ್ಭಾಗದ ನರಗಳೂ ಬಂದು ಸೇರುವುದರಿಂದ ಕುತ್ತಿಗೆ ಹಿಡಿದಂತಾಗುತ್ತದೆ. ಕಣ್ಣೀರು ಮತ್ತು ಮೂಗಿನ ಗ್ರಂಥಿಗಳೂ ಪ್ರತಿವರ್ತನೆಯಿಂದ ಕೆರಳುವುದರಿಂದ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಸ್ಪಾಂಡಿಲೈಟಿಸ್, ಸೈನಸ್ ಎಂಬ ಎರಡು ತಪ್ಪು ಹೆಸರುಗಳೂ ಹುಟ್ಟಿದ್ದು ಈ ಒಂದೇ ನರದ ಸಂಪರ್ಕದಿಂದ.

ಕೆಲವರಿಗೆ ನೋವಿಗೆ ಮುಂಚೆ ಕಣ್ಣ ಮುಂದೆ ಅಂಕುಡೊಂಕಾದ ಮಿಂಚಿನ ಗೆರೆ ಮೂಡಿ, ಮೆಲ್ಲಗೆ ಹರಡಿ, ನಡುವೆ ಮಸುಕಾಗುತ್ತದೆ. ಇದಕ್ಕೆ ಆರಾ ಎನ್ನುತ್ತಾರೆ. ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಒಂದು ಅಲೆ ಸಾಗುವುದೇ ಇದಕ್ಕೆ ಕಾರಣ. ಅದಕ್ಕೇ ಆರಾ ದಿಢೀರನೆ ಬರುವುದಿಲ್ಲ; 5 ನಿಮಿಷಕ್ಕಿಂತ ಹೆಚ್ಚು ಹೊತ್ತು ಹರಡುತ್ತಾ ಹೋಗಿ ಒಂದು ಗಂಟೆಯೊಳಗೆ ಮಾಯವಾಗುತ್ತದೆ. ಕ್ಷಣದಲ್ಲಿ ದೃಷ್ಟಿ ಹೋದರೆ, ಮಾತು ತೊದಲಿದರೆ, ಕೈ ಬಿದ್ದುಹೋದರೆ ಅದನ್ನು ಪಾರ್ಶ್ವವಾಯು ಎಂದೇ ತಿಳಿದು ಆಸ್ಪತ್ರೆಗೆ ಓಡಬೇಕು. ಆರಾ ಇರುವ ಹೆಂಗಸರು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು. ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಈ ಪ್ರಶ್ನೆ ಕೇಳದೆಯೇ ಆ ಮಾತ್ರೆ ಕೈಗೆ ಬರುವುದುಂಟು, ಆದ್ದರಿಂದ ನೀವೇ ಬಾಯಿಬಿಟ್ಟು ಹೇಳಿ.

ಉಪವಾಸ, ನಿದ್ದೆಗೆಡುವುದು, ಭಾನುವಾರ ಹೊತ್ತೇರುವವರೆಗೆ ಮಲಗುವುದು, ಬಿಸಿಲು, ಬಸ್ಸಿನ ಘಾಟಿ ಪ್ರಯಾಣ, ಗಾಢ ವಾಸನೆ, ಮುಟ್ಟು — ಇವು ಮೈಗ್ರೇನ್‌ಗೆ ಕಿಡಿ ಹಚ್ಚುತ್ತವೆಯೇ ಹೊರತು ಮೂಲ ಕಾರಣವಲ್ಲ. ಮೂಲ ಇರುವುದು ಹೆಚ್ಚಾಗಿ ವಂಶದಲ್ಲಿ. ನಮ್ಮ ದೇಶದಲ್ಲಿ ಎದ್ದು ಕಾಣುವ ಇನ್ನೊಂದು ಕಿಡಿ ತಲೆಸ್ನಾನ. ಅದರಿಂದ ಮೈಗ್ರೇನ್ ಬರುವ 94 ರೋಗಿಗಳ ವಿವರವನ್ನು ಮುಂಬೈನ ತಜ್ಞರೊಬ್ಬರು 2006ರಲ್ಲಿ ಪ್ರಕಟಿಸಿದ್ದರು. ಉದ್ದ ಕೂದಲಿನವರು ಹಬ್ಬದ ದಿನ ಖಾಲಿ ಹೊಟ್ಟೆಯಲ್ಲಿ ಎಣ್ಣೆಸ್ನಾನ ಮಾಡಿ, ಒದ್ದೆ ಕೂದಲು ಕಟ್ಟಿಕೊಂಡು, ಪೂಜೆ ಮುಗಿಯುವವರೆಗೂ ತಿನ್ನದೆ ಇದ್ದರೆ ಅಲ್ಲಿ ಮೂರು ನಾಲ್ಕು ಕಿಡಿಗಳು ಒಟ್ಟಿಗೆ ಬಿದ್ದಂತೆ. ಏನಾದರೂ ತಿಂದು, ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಕೂದಲನ್ನು ಬೇಗ ಒಣಗಿಸಿಕೊಂಡರೆ ಅನೇಕರು ಪಾರಾಗುತ್ತಾರೆ. ಬಿಸಿನೀರು ತಲೆಗೆ ಬಿದ್ದಾಗ ನೋವಿನ ಬದಲು ಪ್ರಜ್ಞೆ ಮಂಕಾಗುವುದು, ದಿಟ್ಟಿಸಿ ಕೂರುವುದು, ಕೈಕಾಲು ಸೆಟೆಯುವುದು ಆದರೆ ಅದು ಬೇರೆಯೇ ಕಾಯಿಲೆ, ಬಿಸಿನೀರಿನ ಅಪಸ್ಮಾರ. ಹಳೇ ಮೈಸೂರು ಸೀಮೆಯಲ್ಲಿ ಅದು ಗಮನಾರ್ಹವಾಗಿ ಹೆಚ್ಚು, ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಅದನ್ನು ಅಧ್ಯಯನ ಮಾಡಿದ್ದಾರೆ.

ಮಕ್ಕಳಲ್ಲಿ ಮೈಗ್ರೇನ್ ಎರಡು ಗಂಟೆಯಲ್ಲೇ ಮುಗಿಯಬಹುದು, ಹಣೆಯ ಎರಡೂ ಕಡೆ ನೋಯುತ್ತದೆ. ಮಗು ಬಿಳಿಚಿಕೊಂಡು, ವಾಂತಿ ಮಾಡಿ, ಮಲಗಿ ಎದ್ದು ಆಟಕ್ಕೆ ಓಡುತ್ತದೆ. ಓಡಿತು ಎಂಬ ಕಾರಣಕ್ಕೆ ಅದು ಶಾಲೆ ತಪ್ಪಿಸುವ ನೆಪವಾಗಿತ್ತು ಎಂದು ಬೈಯುವುದು ಅನ್ಯಾಯ.

ಟೆನ್ಷನ್ ತಲೆನೋವು

ತಲೆಗೆ ಪಟ್ಟಿ ಬಿಗಿದಂತೆ, ಮೇಲೆ ಭಾರ ಇಟ್ಟಂತೆ ಎರಡೂ ಕಡೆ ಒತ್ತುವ ನೋವು. ಅರ್ಧ ಗಂಟೆಯಿಂದ ಏಳು ದಿನದವರೆಗೂ ಇರಬಹುದು. ವಾಂತಿ ಇಲ್ಲ, ಓಡಾಡಿದರೆ ಹೆಚ್ಚಾಗುವುದಿಲ್ಲ. ಕಿರಿಕಿರಿಯಾಗುತ್ತದೆ, ಆದರೆ ಕೆಲಸ ನಿಲ್ಲುವುದಿಲ್ಲ. ಟೆನ್ಷನ್ ಎಂಬ ಪದ ಕೇಳಿ ಇದು ಮನಸ್ಸಿನ ಕಾಯಿಲೆ ಎಂದುಕೊಳ್ಳಬೇಡಿ. ತಲೆ, ಕುತ್ತಿಗೆಯ ಸ್ನಾಯುಗಳ ನೋವಿನ ಸೂಕ್ಷ್ಮತೆ ಹೆಚ್ಚಿರುವುದು ಇಲ್ಲಿಯ ವಿಷಯ. ಅಪರೂಪಕ್ಕೆ ಬಂದರೆ ಒಂದು ನಡಿಗೆ, ಒಂದು ಡೋಸ್ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಸಾಕು. ತಿಂಗಳಿಗೆ 15 ದಿನ ಮುಟ್ಟಿದರೆ ನೋವಿನ ಮಾತ್ರೆ ಬಿಟ್ಟು, ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್‌ನಿಂದ ಶುರುಮಾಡಿ ನಿಧಾನವಾಗಿ ಏರಿಸುವ ಚಿಕಿತ್ಸೆಯನ್ನು ವೈದ್ಯರು ಕೊಡುತ್ತಾರೆ. ಕೆಲಸ ನಿಲ್ಲಿಸಿ ಮಲಗಿಸುವ ನೋವಿಗೆ ‘ಟೆನ್ಷನ್ ಅಷ್ಟೇ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಮೈಗ್ರೇನ್ ಇರುವ ಸಾಧ್ಯತೆ ಹೆಚ್ಚು.

ಮಲಗಲಾಗದ ನೋವು

ಕ್ಲಸ್ಟರ್ ತಲೆನೋವು ಅಪರೂಪ, ಆದರೆ ಅದರಷ್ಟು ಘೋರವಾದ ನೋವು ಬೇರೆ ಇಲ್ಲ ಎನ್ನುವವರಿದ್ದಾರೆ. ಯಾವಾಗಲೂ ಒಂದೇ ಕಣ್ಣಿನ ಸುತ್ತ ಸಲಾಕೆ ಚುಚ್ಚಿದಂತೆ ನೋವು. ಅದೇ ಕಡೆಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಇಳಿಬೀಳುತ್ತದೆ, ಅದೇ ಹೊಳ್ಳೆ ಕಟ್ಟುತ್ತದೆ. 15 ನಿಮಿಷದಿಂದ 3 ಗಂಟೆ ಇದ್ದು ನಿಲ್ಲುತ್ತದೆ, ಮತ್ತೆ ಬರುತ್ತದೆ. ಎರಡು ದಿನಕ್ಕೊಮ್ಮೆಯಿಂದ ದಿನಕ್ಕೆ ಎಂಟು ಸಲದವರೆಗೂ ಬರಬಹುದು. ನಿದ್ದೆ ಹತ್ತಿದ ಒಂದೆರಡು ಗಂಟೆಗೆ, ಗಡಿಯಾರ ನೋಡಿಕೊಂಡಂತೆ, ಅದೇ ಹೊತ್ತಿಗೆ ಎಬ್ಬಿಸುತ್ತದೆ. ಕೆಲವು ವಾರ ಹೀಗೆ ಕಾಡಿ ತಿಂಗಳುಗಟ್ಟಲೆ ಮಾಯವಾಗಿ, ಬಹಳ ಸಲ ಮುಂದಿನ ವರ್ಷ ಅದೇ ಋತುವಿಗೆ ಹಿಂದಿರುಗುತ್ತದೆ. ಗಂಡಸರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ ಹೆಚ್ಚು. ಆ ವಾರಗಳಲ್ಲಿ ಒಂದು ಗುಟುಕು ಮದ್ಯವೂ ನೋವನ್ನು ಎಬ್ಬಿಸುತ್ತದೆ.

ಮೈಗ್ರೇನ್‌ನಿಂದ ಇದನ್ನು ಬೇರೆ ಮಾಡುವ ಗುರುತು ರೋಗಿಯ ನಡವಳಿಕೆ. ಮೈಗ್ರೇನ್‌ನವರು ಅಲುಗಾಡದೆ ಮಲಗುತ್ತಾರೆ. ಇವರು ಮಲಗಲಾರರು, ಎದ್ದು ಓಡಾಡುತ್ತಾರೆ, ಗೋಡೆಗೆ ತಲೆ ಒತ್ತುತ್ತಾರೆ. ಹಲ್ಲಿನ ನೋವೆಂದು ಹಲ್ಲು ಕೀಳಿಸಿಕೊಂಡವರೂ ಸೈನಸ್ ಎಂದು ಆಪರೇಷನ್ ಮಾಡಿಸಿಕೊಂಡವರೂ ಇದ್ದಾರೆ.

ಮಾತ್ರೆ ಕರಗಿ ಕೆಲಸ ಶುರುಮಾಡುವ ಹೊತ್ತಿಗೆ ನೋವೇ ಮುಗಿದಿರುತ್ತದೆ, ಹಾಗಾಗಿ ನೋವಿನ ಮಾತ್ರೆ ಇಲ್ಲಿ ವ್ಯರ್ಥ. ಬೇಕಾದದ್ದು ಆಮ್ಲಜನಕ: ನಿಮಿಷಕ್ಕೆ 12ರಿಂದ 15 ಲೀಟರ್, ಚೀಲವಿರುವ ನಾನ್-ರೀಬ್ರೀದರ್ ಮಾಸ್ಕ್, ನೆಟ್ಟಗೆ ಕೂತು 15ರಿಂದ 20 ನಿಮಿಷ. ಮೂಗಿನ ನಳಿಕೆಯಲ್ಲಿ 2–4 ಲೀಟರ್ ಕೊಟ್ಟು ‘ಆಕ್ಸಿಜನ್ ಕೆಲಸ ಮಾಡಲಿಲ್ಲ’ ಎನ್ನುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಮನೆಯಲ್ಲಿ ಸಿಲಿಂಡರ್ ಇಟ್ಟರೆ ಆ ಕೋಣೆಯಲ್ಲಿ ದೀಪ, ಊದುಬತ್ತಿ, ಸಿಗರೇಟು ಕೂಡದು. ಇನ್ನೊಂದು ದಾರಿ 6 ಮಿಲಿಗ್ರಾಂ ಸುಮಾಟ್ರಿಪ್ಟಾನ್ ಚುಚ್ಚುಮದ್ದು. ಬರದಂತೆ ತಡೆಯಲು ವೆರಪಮಿಲ್. ಶುರುಮಾಡುವ ಮುಂಚೆ ಮತ್ತು ಡೋಸ್ ಏರಿಸಿದಾಗಲೆಲ್ಲ ಇಸಿಜಿ ತೆಗೆಸಬೇಕು. ಇದೇ ಲಕ್ಷಣಗಳಿದ್ದು ನೋವು 2ರಿಂದ 30 ನಿಮಿಷ ಮಾತ್ರ ಇದ್ದು, ದಿನಕ್ಕೆ ಐದಕ್ಕಿಂತ ಹೆಚ್ಚು ಸಲ ಬರುತ್ತಿದ್ದರೆ ಇಂಡೊಮೆಥಾಸಿನ್ ಎಂಬ ಔಷಧಿಗೆ ಪೂರ್ತಿ ಬಗ್ಗುವ ಬೇರೊಂದು ಜಾತಿಯಿದೆ. ಅದಕ್ಕೇ ನಿಮಿಷದ ಲೆಕ್ಕ ಬರೆದಿಡುವುದು ಮುಖ್ಯ. ಹಲ್ಲುಜ್ಜುವಾಗ, ಅಗಿಯುವಾಗ, ಗಾಳಿ ಸೋಕಿದಾಗ ಕೆನ್ನೆಯಲ್ಲಿ ಕರೆಂಟು ಹೊಡೆದಂತೆ ಕೆಲವೇ ಸೆಕೆಂಡು ಬರುವ ನೋವು ಇವೆರಡೂ ಅಲ್ಲ, ಟ್ರೈಜೆಮಿನಲ್ ನ್ಯೂರಾಲ್ಜಿಯಾ.

ಸೈನಸ್, ಕನ್ನಡಕ, ಬಿಪಿ, ಕಾಫಿ

ನಿಜವಾದ ಸೈನಸ್ ಸೋಂಕಿನಲ್ಲಿ ಹಳದಿ-ಹಸಿರು ದಪ್ಪ ಸಿಂಬಳ, ವಾಸನೆ ತಿಳಿಯದಿರುವುದು, ಬಹಳ ಸಲ ಜ್ವರ ಇರುತ್ತದೆ. ಸೋಂಕು ಹೋದರೆ ನೋವೂ ಹೋಗುತ್ತದೆ. ತಿಂಗಳಿಗೆ ಮೂರು ಸಲ ಬಂದು ಒಂದು ದಿನ ಇದ್ದು ಹೋಗುವ ‘ಸೈನಸ್’ ಸೈನಸ್ ಅಲ್ಲ. ತಮಗೆ ಸೈನಸ್ ತಲೆನೋವು ಇದೆ ಎಂದು ನಂಬಿದ್ದ 2991 ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಶೇ 88 ಜನರ ನೋವು ಮೈಗ್ರೇನ್ ಮಾದರಿಯದ್ದೆಂದು 2004ರ ವರದಿ ಹೇಳಿತು.

ಕನ್ನಡಕದ ನಂಬರ್ ತಪ್ಪಿದ್ದರೆ ಓದಿದ ಮೇಲೆ ಹಣೆ ನೋಯಬಹುದು. ವಾಂತಿ ಬರಿಸುವ ನೋವಿಗೆ ಅದು ಉತ್ತರವಲ್ಲ. ಬಿಪಿ 150/95 ಇದ್ದರೆ ತಲೆನೋವು ಬರುವುದಿಲ್ಲ. 180/120 ಮುಟ್ಟಿದರೆ ಬರಬಹುದು. ನೋವಿದ್ದಾಗ ಬಿಪಿ ಸ್ವಲ್ಪ ಏರುವುದು ಸಹಜ, ಆಗ ಅಳೆದು ಕಾರಣ ಸಿಕ್ಕಿತು ಎಂದುಕೊಳ್ಳುವುದು ತಿರುಗುಮುರುಗು ಲೆಕ್ಕ. ನಲವತ್ತು ದಾಟಿದವರ ಕುತ್ತಿಗೆ ಎಕ್ಸ್‌ರೇಯಲ್ಲಿ ಸವೆತ ಕಾಣುವುದೂ ಹಾಗೆಯೇ: ತಲೆ ನೋಯದವರಲ್ಲೂ ಕಾಣುತ್ತದೆ.

ಕಾಫಿಗೆ ಪ್ರತ್ಯೇಕ ಮಾತು ಬೇಕು. ದಿನಕ್ಕೆ 200 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಕುಡಿಯುವವರು, ಅಂದರೆ ಗಟ್ಟಿ ಫಿಲ್ಟರ್ ಕಾಫಿ ಮೂರ್ನಾಲ್ಕು ಲೋಟ ಕುಡಿಯುವವರು, ಒಂದು ದಿನ ಬಿಟ್ಟರೆ 24 ಗಂಟೆಯೊಳಗೆ ತಲೆನೋವು ಶುರುವಾಗಬಹುದು. ಏಕಾದಶಿಯ ತಲೆನೋವಿನಲ್ಲಿ ಹಸಿವಿನಷ್ಟೇ ಪಾಲು ಇದಕ್ಕೂ ಇದೆ. ಬಿಡಬೇಕೆಂದಿದ್ದರೆ ವಾರಕ್ಕೊಂದು ಲೋಟದಂತೆ ಇಳಿಸಿ. ಒಮ್ಮೆಲೇ ಬಿಟ್ಟವರಿಗೂ ಒಂದು ವಾರದಲ್ಲಿ ನೋವು ತಣಿಯುತ್ತದೆ.

ಮಾತ್ರೆಯೇ ತಲೆನೋವಾದಾಗ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಮೈಗ್ರೇನ್ ಅಥವಾ ಟೆನ್ಷನ್ ತಲೆನೋವು ಇರುವವರು ನೋವಿನ ಮಾತ್ರೆಯನ್ನು ಪದೇ ಪದೇ ನುಂಗಿದರೆ ನೋವಿನ ನರಜಾಲ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮಾತ್ರೆಯ ಪರಿಣಾಮ ಇಳಿದಂತೆ ನೋವು ಏರುತ್ತದೆ. ಅದಕ್ಕೆ ಮತ್ತೊಂದು ಮಾತ್ರೆ. ತಿಂಗಳಿಗೆ ನಾಲ್ಕು ಸಲ ಬರುತ್ತಿದ್ದ ನೋವು ವರ್ಷದೊಳಗೆ ದಿನವೂ ಬರುವ ಮಂದ ನೋವಾಗುತ್ತದೆ. ಬೆಳಗ್ಗೆ ಎದ್ದಾಗಲೇ ತಲೆ ಭಾರ, ನುಂಗಿದರೆ ಎರಡು ಗಂಟೆ ನೆಮ್ಮದಿ.

ಮಿತಿ ಹೀಗಿದೆ. ಬರೀ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಆಸ್ಪಿರಿನ್‌ನಂಥವು ತಿಂಗಳಿಗೆ 15 ದಿನ ಅಥವಾ ಹೆಚ್ಚು. ಕೆಫೀನ್ ಸೇರಿಸಿದ ಸಂಯುಕ್ತ ಮಾತ್ರೆ, ಮೈಗ್ರೇನ್‌ಗೆಂದೇ ಕೊಡುವ ಎರ್ಗೋಟಮಿನ್, ಟ್ರಿಪ್ಟಾನ್ (ಸುಮಾಟ್ರಿಪ್ಟಾನ್ ಜಾತಿಯ ಔಷಧಿ), ಅಫೀಮಿನ ಜಾತಿಯ ಟ್ರಮಡಾಲ್‌ನಂಥವು 10 ದಿನ ಅಥವಾ ಹೆಚ್ಚು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೀಗೆ ನಡೆದು, ತಿಂಗಳಲ್ಲಿ 15 ದಿನ ತಲೆನೋವು ಇದ್ದರೆ ಇದು ಮಾತ್ರೆಯ ತಲೆನೋವು. ಎಣಿಸಬೇಕಾದದ್ದು ದಿನಗಳನ್ನು, ಮಾತ್ರೆಗಳನ್ನಲ್ಲ. ಒಂದೇ ದಿನ ಎರಡು ಡೋಸ್ ತೆಗೆದುಕೊಳ್ಳುವುದಕ್ಕಿಂತ ಎರಡು ದಿನ ಅರ್ಧರ್ಧ ತೆಗೆದುಕೊಳ್ಳುವುದು ಈ ಲೆಕ್ಕದಲ್ಲಿ ಕೆಟ್ಟದ್ದು. ಮಂಡಿನೋವಿಗೆ ನುಂಗಿದ ಮಾತ್ರೆಯೂ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಸಲಹೆ: ಯಾವ ಮಾತ್ರೆಯೇ ಆಗಲಿ, ವಾರಕ್ಕೆ ಎರಡು ದಿನ ದಾಟಬೇಡಿ.

ಬಿಡುವುದು ಹೇಗೆ? ಸಾದಾ ನೋವಿನ ಮಾತ್ರೆ ಮತ್ತು ಟ್ರಿಪ್ಟಾನ್‌ಗಳನ್ನು ಒಮ್ಮೆಲೇ ನಿಲ್ಲಿಸಬಹುದು. ಟ್ರಮಡಾಲ್, ಕೊಡೀನ್, ನಿದ್ದೆ ಮಾತ್ರೆ ಸೇರಿದ್ದರೆ ವೈದ್ಯರ ಕಣ್ಣಳತೆಯಲ್ಲಿ ನಿಧಾನವಾಗಿ ಇಳಿಸಬೇಕು. ಮೊದಲ 2ರಿಂದ 10 ದಿನ ನೋವು ಜಾಸ್ತಿಯಾಗುತ್ತದೆ. ವಾಂತಿ, ನಿದ್ದೆಗೇಡು, ಚಡಪಡಿಕೆ ಇರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಇದು ಮೊದಲೇ ತಿಳಿದಿದ್ದರೆ, ಮನೆಯವರಿಗೂ ತಿಳಿಸಿದ್ದರೆ, ಹಬ್ಬ ಪರೀಕ್ಷೆಗಳಿಲ್ಲದ ಎರಡು ವಾರ ಆರಿಸಿಕೊಂಡಿದ್ದರೆ ದಾಟಲು ಸಾಧ್ಯ. ಅದೇ ದಿನದಿಂದ ತಡೆಗಟ್ಟುವ ಔಷಧಿ ಶುರುಮಾಡಿಸಿಕೊಳ್ಳಿ. ಪೂರ್ತಿ ಫಲ ತಿಳಿಯಲು ಎರಡು ತಿಂಗಳು ಬೇಕು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ನೋವು

ಒಂದು ನಿಮಿಷದೊಳಗೆ ಪರಾಕಾಷ್ಠೆ ಮುಟ್ಟುವ, ಜೀವನದಲ್ಲೇ ಕಾಣದಂಥ ಸಿಡಿಲಿನಂಥ ನೋವು ಮಿದುಳಿನ ರಕ್ತಸ್ರಾವ ಇರಬಹುದು, 108ಕ್ಕೆ ಕರೆಮಾಡಿ. ಜ್ವರದ ಜೊತೆ ಕುತ್ತಿಗೆ ಬಗ್ಗದಿದ್ದರೆ ಮಿದುಳು ಜ್ವರ. ವಾರಗಟ್ಟಲೆ ಸಣ್ಣ ಜ್ವರ, ತೂಕ ಇಳಿಯುವುದು, ಮಂಕು ಇವುಗಳ ಜೊತೆ ನೋವು ಏರುತ್ತಿದ್ದರೆ ಕ್ಷಯದ ಮೆನಿಂಜೈಟಿಸ್ ಮರೆಯಬಾರದು. ಬಾಣಂತಿಗೆ ಹೊಸದಾಗಿ ಬಂದ ತಲೆನೋವನ್ನು ನಿದ್ದೆಗೆಟ್ಟದ್ದಕ್ಕೆ ಎಂದು ತಳ್ಳಿಹಾಕಬೇಡಿ. ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ನಮ್ಮಲ್ಲಿ ಬಾಣಂತಿಯರಲ್ಲಿ ಕಂಡುಬರುವ ಕಾಯಿಲೆ. ನೀರು ಕುಡಿಯಲು ಕೊಡದ ಬಾಣಂತನದ ಪಥ್ಯ ರಕ್ತವನ್ನು ಗಟ್ಟಿಯಾಗಿಸಿ ಈ ಅಪಾಯಕ್ಕೆ ದಾರಿಮಾಡುತ್ತದೆ. 20 ವಾರ ದಾಟಿದ ಗರ್ಭಿಣಿಗೆ ತಲೆನೋವು ಬಂದರೆ ಅದೇ ದಿನ ಬಿಪಿ ನೋಡಿಸಬೇಕು.

ಐವತ್ತರ ನಂತರ ಮೊದಲ ಸಲ ಬಂದ ನೋವು, ಅದರಲ್ಲೂ ಅಗಿಯುವಾಗ ದವಡೆ ನೋಯುವುದು, ಬಾಚಣಿಗೆ ತಾಗಿದರೆ ನೆತ್ತಿ ನೋಯುವುದು ಇದ್ದರೆ, ತಡಮಾಡಿದರೆ ಕಣ್ಣು ಹೋಗಬಹುದು. ಕೆಮ್ಮಿದಾಗ ಮಾತ್ರ ಬರುವ, ಮಲಗಿದರೆ ಹೆಚ್ಚಾಗುವ, ವಾರದಿಂದ ವಾರಕ್ಕೆ ಏರುತ್ತಲೇ ಹೋಗುವ ನೋವು, ತಲೆಗೆ ಪೆಟ್ಟು ಬಿದ್ದ ಕೆಲವು ವಾರಗಳ ಮೇಲೆ ವೃದ್ಧರಲ್ಲಿ ಶುರುವಾದ ನೋವು, ಫಿಟ್ಸ್, ಎರಡೆರಡು ಕಾಣುವುದು: ಇವೆಲ್ಲಕ್ಕೂ ಸ್ಕ್ಯಾನ್ ಬೇಕು. ಹತ್ತು ವರ್ಷದಿಂದ ಒಂದೇ ರೀತಿ ಬಂದು ಹೋಗುತ್ತಿರುವ, ನಡುವೆ ಪೂರ್ತಿ ಆರೋಗ್ಯವಿರುವ ನೋವಿಗೆ ಸಾಮಾನ್ಯವಾಗಿ ಬೇಡ.

ಮೈಗ್ರೇನ್ ಬಂದಾಗ ಮಾತ್ರೆ ತೆಗೆದುಕೊಳ್ಳುವ ಸರಿಯಾದ ಕ್ರಮ

ಎರಡು ತಪ್ಪುಗಳು ಎಲ್ಲರಲ್ಲೂ ಕಾಣುತ್ತವೆ: ತಡವಾಗಿ ನುಂಗುವುದು, ಕಡಿಮೆ ನುಂಗುವುದು. ‘ತಡೆದುಕೊಳ್ಳೋಣ’ ಎಂದು ಮೂರು ಗಂಟೆ ಕಾಯುವಷ್ಟರಲ್ಲಿ ಹೊಟ್ಟೆಯ ಚಲನೆ ನಿಂತಿರುತ್ತದೆ. ಆಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂತಿರುತ್ತದೆ, ಕರುಳಿಗೆ ಹೋಗಿ ರಕ್ತ ಸೇರುವುದಿಲ್ಲ. ಇದು ಮೈಗ್ರೇನ್ ಎಂದು ಖಚಿತವಾದ ಕೂಡಲೇ, ನೋವು ಇನ್ನೂ ಸಣ್ಣದಿರುವಾಗಲೇ, ಮೊದಲ ಗಂಟೆಯೊಳಗೆ ಪೂರ್ತಿ ಡೋಸ್ ತೆಗೆದುಕೊಳ್ಳಬೇಕು. ವಾರಕ್ಕೆರಡು ದಿನದ ಮಿತಿ ಇರುವುದರಿಂದ, ಪ್ರತಿ ಸಣ್ಣ ನೋವಿಗೂ ಹೀಗೆ ಮಾಡುವಂತಿಲ್ಲ.

ವಯಸ್ಕರಿಗೆ ಪೂರ್ತಿ ಡೋಸ್ ಎಂದರೆ ಐಬುಪ್ರೊಫೆನ್ 400 ಮಿಲಿಗ್ರಾಂ, ಅಥವಾ ನ್ಯಾಪ್ರೋಕ್ಸೆನ್ 500, ಅಥವಾ ಪ್ಯಾರಾಸಿಟಮಾಲ್ 1000. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವ 650ರ ಒಂದು ಮಾತ್ರೆ ಮೈಗ್ರೇನ್‌ಗೆ ಬಹಳ ಸಲ ಸಾಲದು, ಎರಡಾದರೆ ಹೆಚ್ಚಾಯಿತು. 500ರ ಎರಡು ಮಾತ್ರೆ ಲೆಕ್ಕಕ್ಕೆ ಸರಿ. ಪ್ಯಾರಾಸಿಟಮಾಲ್ ದಿನದ ಒಟ್ಟು 3 ಗ್ರಾಂ ಒಳಗಿರಲಿ. ತೂಕ 50 ಕಿಲೋಗಿಂತ ಕಡಿಮೆ ಇರುವವರು, ಯಕೃತ್ತಿನ ತೊಂದರೆ ಇರುವವರು, ಮದ್ಯಪಾನಿಗಳು ಇನ್ನೂ ಕಡಿಮೆ ಮಾಡಿಕೊಳ್ಳಬೇಕು. ಅಲ್ಸರ್, ಕಿಡ್ನಿ ತೊಂದರೆ ಇರುವವರು ಮತ್ತು ಆಸ್ಪಿರಿನ್‌ನಿಂದ ಉಬ್ಬಸ ಬರುವವರು ಐಬುಪ್ರೊಫೆನ್, ನ್ಯಾಪ್ರೋಕ್ಸೆನ್ ಮುಟ್ಟಬಾರದು. ಜ್ವರದ ಜೊತೆ ತಲೆನೋವಿದ್ದು ಡೆಂಗಿ ಇರಬಹುದೆಂಬ ಸಂಶಯ ಬಂದರೂ ಅಷ್ಟೇ, ರಕ್ತಸ್ರಾವದ ಅಪಾಯವಿದೆ. ಮಕ್ಕಳಿಗೆ ಡೋಸ್ ತೂಕದ ಮೇಲೆ: ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ, ಐಬುಪ್ರೊಫೆನ್ ಕಿಲೋಗೆ 10. ಹದಿನಾರು ವರ್ಷದೊಳಗಿನವರಿಗೆ ಆಸ್ಪಿರಿನ್ ಬೇಡ. ಗರ್ಭಿಣಿಯರಿಗೆ ಪ್ಯಾರಾಸಿಟಮಾಲ್ ಒಂದೇ ಮೊದಲ ಆಯ್ಕೆ, ಎರ್ಗೋಟಮಿನ್ ಖಂಡಿತ ಕೂಡದು.

ಹೊಟ್ಟೆ ತೊಳಸುವವರು ಇದರ ಜೊತೆಗೇ 10 ಮಿಲಿಗ್ರಾಂ ಡಾಂಪೆರಿಡೋನ್ ತೆಗೆದುಕೊಂಡರೆ ಹೊಟ್ಟೆ ಚಲಿಸಿ ಮಾತ್ರೆ ರಕ್ತ ಸೇರುತ್ತದೆ. ಹೃದಯದ ಬಡಿತದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಇದಕ್ಕೂ ಬಗ್ಗದಿದ್ದರೆ ಟ್ರಿಪ್ಟಾನ್‌ಗಳು: ಸುಮಾಟ್ರಿಪ್ಟಾನ್ 50 ಅಥವಾ 100, ರಿಜಾಟ್ರಿಪ್ಟಾನ್ 10. ಇವು ಸಾಮಾನ್ಯ ನೋವುನಿವಾರಕಗಳಲ್ಲ. ಸಿಜಿಆರ್‌ಪಿ ಬಿಡುಗಡೆಯನ್ನೇ ತಡೆಯುತ್ತವೆ. ಆರಾ ನಡೆಯುವಾಗ ಅಲ್ಲ, ನೋವು ಶುರುವಾದಾಗ ತೆಗೆದುಕೊಳ್ಳಬೇಕು. ಎದೆ, ಗಂಟಲು ಸ್ವಲ್ಪ ಬಿಗಿದಂತಾಗಬಹುದು. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಹತೋಟಿಯಿಲ್ಲದ ಬಿಪಿ ಇರುವವರಿಗೆ ಕೂಡದು. ಎರ್ಗೋಟಮಿನ್ ನುಂಗಿದ 24 ಗಂಟೆಯೊಳಗೆ ಟ್ರಿಪ್ಟಾನ್ ಬೇಡ, ಎರಡೂ ರಕ್ತನಾಳವನ್ನು ಕುಗ್ಗಿಸುತ್ತವೆ. ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರು ರಿಜಾಟ್ರಿಪ್ಟಾನ್ 5 ಮಾತ್ರ ಬಳಸಬೇಕು. ಸುಮಾಟ್ರಿಪ್ಟಾನ್ ಮತ್ತು ನ್ಯಾಪ್ರೋಕ್ಸೆನ್ ಒಟ್ಟಿಗೆ ಕೊಟ್ಟರೆ ಒಂದೊಂದಕ್ಕಿಂತ ಹೆಚ್ಚು ಫಲ. ಒಂದು ಸಲ ಕೆಲಸ ಮಾಡಲಿಲ್ಲವೆಂದು ಬಿಡಬೇಡಿ, ಮೂರು ಸಲದ ಅನುಭವ ನೋಡಿ ನಿರ್ಧರಿಸಿ.

ಗೋಡೆಯ ಕ್ಯಾಲೆಂಡರ್ ಮತ್ತು ತಡೆಗಟ್ಟುವ ಔಷಧಿ

ಆ್ಯಪ್ ಬೇಕಿಲ್ಲ. ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಸುತ್ತು ಹಾಕಿ. ಕೆಲಸ ನಿಲ್ಲಿಸಿದ ನೋವಾದರೆ ಎರಡು ಸುತ್ತು. ಮಾತ್ರೆ ನುಂಗಿದ್ದರೆ ಪಕ್ಕದಲ್ಲಿ ಗೆರೆ, ಮುಟ್ಟಿನ ಮೊದಲ ದಿನಕ್ಕೆ ಚುಕ್ಕೆ. ಮೂರು ತಿಂಗಳಾದ ಮೇಲೆ ಸುತ್ತು ಮತ್ತು ಗೆರೆಗಳನ್ನು ಎಣಿಸಿ. ಮುಟ್ಟಿಗೆ ಎರಡು ದಿನ ಮುಂಚಿನಿಂದ ಮೂರನೇ ದಿನದೊಳಗೇ ಸುತ್ತುಗಳು ಬೀಳುತ್ತಿದ್ದರೆ, ಆ ಐದಾರು ದಿನ ಮಾತ್ರ ನ್ಯಾಪ್ರೋಕ್ಸೆನ್ ಕೊಟ್ಟು ತಡೆಯುವ ದಾರಿಯಿದೆ. ತಿಂಗಳಿಗೆ ನಾಲ್ಕು ದಿನ ದಾಟಿದ್ದರೆ ದಿನವೂ ತೆಗೆದುಕೊಳ್ಳುವ ತಡೆಗಟ್ಟುವ ಔಷಧಿಯ ಬಗ್ಗೆ ಕೇಳಿ.

ಅದರಲ್ಲಿ ಆಯ್ಕೆ ನಡೆಯುವುದು ರೋಗಿಯ ಉಳಿದ ತೊಂದರೆಗಳನ್ನು ನೋಡಿ. ಬಿಪಿ, ಎದೆಬಡಿತ ಇದ್ದರೆ ಪ್ರೊಪ್ರನೊಲಾಲ್. ಉಬ್ಬಸ ಇದ್ದರೆ ಅದು ಅಪಾಯ. ನಿದ್ದೆ ಬಾರದಿದ್ದರೆ ಅಮಿಟ್ರಿಪ್ಟಿಲಿನ್. ಬಾಯಿ ಒಣಗುತ್ತದೆ, ತೂಕ ಏರುತ್ತದೆ. ತೂಕ ಹೆಚ್ಚಿರುವವರಿಗೆ ಟೋಪಿರಮೇಟ್, 25ರಿಂದ ಶುರುಮಾಡಿ ವಾರಕ್ಕೊಮ್ಮೆ ಏರಿಸುವುದು. ಬೆರಳು ಜುಮ್ಮೆನ್ನುತ್ತದೆ, ಪದಗಳು ನೆನಪಿಗೆ ಬರುವುದಿಲ್ಲ, ನೀರು ಕಡಿಮೆ ಕುಡಿದರೆ ಕಿಡ್ನಿ ಕಲ್ಲಾಗಬಹುದು. ಇದು ಮತ್ತು ವ್ಯಾಲ್ಪ್ರೊಯೇಟ್ ಎಂಬ ಇನ್ನೊಂದು ತಡೆಗಟ್ಟುವ ಔಷಧಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ, ಗರ್ಭ ಧರಿಸುವ ಸಾಧ್ಯತೆ ಇರುವವರು ಇದನ್ನು ಮೊದಲೇ ಚರ್ಚಿಸಬೇಕು. ಫ್ಲುನಾರಿಜಿನ್ ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಔಷಧಿ, ಫಲವೂ ಇದೆ. ಆದರೆ ವಯಸ್ಸಾದವರಲ್ಲಿ ಕೈನಡುಕ, ಕೆಲವರಲ್ಲಿ ಖಿನ್ನತೆ ತರುತ್ತದೆ. ಚೀಟಿ ತೋರಿಸಿ ವರ್ಷಗಟ್ಟಲೆ ತಂದು ನುಂಗುವ ಮಾತ್ರೆ ಅದಲ್ಲ. ಔಷಧಿಯ ಜೊತೆ ಮೆಗ್ನೀಸಿಯಂ, ದಿನಕ್ಕೆ 400 ಮಿಲಿಗ್ರಾಂ ರೈಬೋಫ್ಲೇವಿನ್ ಕೆಲವರಿಗೆ ಸಹಾಯ ಮಾಡುತ್ತವೆ.

ತಿಂಗಳಿಗೆ 15 ದಿನ ತಲೆನೋವಿದ್ದು ಅದರಲ್ಲಿ 8 ದಿನವಾದರೂ ಮೈಗ್ರೇನ್ ಆಗಿದ್ದರೆ, ಮಾತ್ರೆಗಳು ಸೋತಾಗ ತಲೆ ಕುತ್ತಿಗೆಯ 31 ಜಾಗಗಳಿಗೆ 155 ಯೂನಿಟ್ ಬೊಟಾಕ್ಸ್ ಅನ್ನು 12 ವಾರಕ್ಕೊಮ್ಮೆ ಚುಚ್ಚುವ ಚಿಕಿತ್ಸೆ ಇದೆ. ಸಿಜಿಆರ್‌ಪಿಯನ್ನೇ ಗುರಿಯಾಗಿಸಿದ ಚುಚ್ಚುಮದ್ದುಗಳಿಗೆ ಅಮೆರಿಕದಲ್ಲಿ 2018ರಿಂದ ಮಂಜೂರಾತಿ ಸಿಗತೊಡಗಿತು. ಅವು ಇನ್ನೂ ದುಬಾರಿ.

ಯಾವ ತಡೆಗಟ್ಟುವ ಮಾತ್ರೆಯೂ ಹತ್ತು ದಿನದಲ್ಲಿ ಫಲ ಕೊಡುವುದಿಲ್ಲ. ಸರಿಯಾದ ಡೋಸಿಗೆ ಏರಿದ ಮೇಲೆ ಎರಡು ತಿಂಗಳು ನೋಡಬೇಕು. ಸುತ್ತುಗಳು ಅರ್ಧಕ್ಕಿಳಿದರೆ ಅದು ಯಶಸ್ಸು. ಆರರಿಂದ ಹನ್ನೆರಡು ತಿಂಗಳು ಹಾಗೆಯೇ ನಡೆದರೆ ವೈದ್ಯರೊಂದಿಗೆ ಮಾತಾಡಿ, ಕ್ಯಾಲೆಂಡರ್ ಗುರುತು ಮುಂದುವರಿಸುತ್ತಲೇ, ಡೋಸನ್ನು ಮೆಲ್ಲಗೆ ಇಳಿಸಿ ನಿಲ್ಲಿಸಬಹುದು. ಪ್ರೊಪ್ರನೊಲಾಲ್ ಅನ್ನು ಮಾತ್ರ ಒಂದೇ ದಿನಕ್ಕೆ ಬಿಡಬಾರದು. ಎದೆಬಡಿತ, ಬಿಪಿ ಒಮ್ಮೆಲೇ ಏರುತ್ತವೆ, ಅದನ್ನು ಎರಡು ವಾರವಾದರೂ ತೆಗೆದುಕೊಂಡು ಇಳಿಸಬೇಕು.